ಟ್ರೆಕ್ಕಿಂಗಿಗೆ ಹಗುರವಾದ ಟ್ರೈಪಾಡ್: ತೂಕ ಎಲ್ಲಿ ಇಳಿಸ್ಬೇಕು, ಎಲ್ಲಿ ಇಳಿಸ್ಬಾರ್ದು

ಟ್ರೈಪಾಡ್ ತಗೋಬೇಕು ಅಂತ ಹೊರಟೋರು ಮೊದ್ಲು ನೋಡೋದು ಎರಡೇ ನಂಬರ್. ಒಂದು ತೂಕ, ಇನ್ನೊಂದು ಎಷ್ಟು ಕೆಜಿ ಹೊರುತ್ತೆ ಅನ್ನೋ ಲೋಡ್ ಕೆಪಾಸಿಟಿ. ಈ ಎರಡನೇ ನಂಬರ್ ಇದ್ಯಲ್ಲ, ಬೆಟ್ಟ ಹತ್ತೋರಿಗೆ ಅದು ಹೆಚ್ಚುಕಮ್ಮಿ ಉಪಯೋಗಕ್ಕೆ ಬಾರದ್ದು. ಒಂದು ಕೆಜಿನೂ ತೂಗದ ಟ್ರೈಪಾಡ್ ಮೇಲೆ 8 ಕೆಜಿ, 10 ಕೆಜಿ ಅಂತ ಬರೆದಿರ್ತಾರೆ, ನಮ್ಮ ಕ್ಯಾಮೆರಾ ಲೆನ್ಸ್ ಎಲ್ಲಾ ಸೇರಿ ಒಂದೂವರೆ ಕೆಜಿ, ಇಷ್ಟಿದ್ರೆ ಧಾರಾಳ ಆಯ್ತು ಅನ್ಸುತ್ತೆ. ಆದ್ರೆ ಆ ಕೆಪಾಸಿಟಿನ ಹೇಗೆ ಅಳೀಬೇಕು ಅಂತ ಎಲ್ಲಾ ಕಂಪನಿಗಳೂ ಒಪ್ಕೊಂಡಿರೋ ವಿಧಾನ ಇಲ್ಲ, ಒಬ್ಬೊಬ್ರದ್ದು ಒಂದೊಂದು ಲೆಕ್ಕ. ಅದ್ರಿಂದ ಗೊತ್ತಾಗೋದು ಇಷ್ಟೇ, ಇಷ್ಟು ಭಾರ ಇಟ್ರೆ ಕಾಲು ಜಾರಿ ಒಳಗೆ ಹೋಗಲ್ಲ, ಏನೂ ಮುರಿಯಲ್ಲ. ಫೋಟೋ ಹಾಳಾಗೋದು ಟ್ರೈಪಾಡ್ ಮುರಿದು ಬಿದ್ದಲ್ವಲ್ಲ, ಗಾಳಿಗೋ, ಬಟನ್ ಒತ್ತಿದ ಬೆರಳಿಗೋ ಅದು ಕಣ್ಣಿಗೂ ಕಾಣದಷ್ಟು ಸಣ್ಣಗೆ ಅಲ್ಲಾಡೋದ್ರಿಂದ. ಆ ಅಲ್ಲಾಟದ ಬಗ್ಗೆ ಲೋಡ್ ಕೆಪಾಸಿಟಿ ಒಂದು ಮಾತೂ ಹೇಳಲ್ಲ.

ಹಂಗಾದ್ರೆ ನೋಡ್ಬೇಕಾದ್ದು ಏನು ಅಂದ್ರೆ ಬಿಗಿತನ, ಎಷ್ಟು ಬಾಗದೆ ತಿರುಚದೆ ನಿಲ್ಲುತ್ತೆ ಅನ್ನೋದು. ಅದನ್ನ ಡಬ್ಬದ ಮೇಲೆ ಬರೆದಿರಲ್ಲ, ಆದ್ರೆ ಬರೆದಿರೋ ಬೇರೆ ನಂಬರ್‌ಗಳನ್ನ ಓದೋಕೆ ಬಂದ್ರೆ ಚೆನ್ನಾಗೇ ಅಂದಾಜು ಮಾಡ್ಬಹುದು. ನನ್ನ ಪ್ರಕಾರ ತೂಕ ಇಳಿಸೋಕೆ ಒಂದು ಕ್ರಮ ಇದೆ. ಮೊದ್ಲು ಎತ್ತರ ಕಡಿಮೆ ಮಾಡಿ, ಆಮೇಲೆ ಸೆಂಟರ್ ಕಾಲಂ (ನಡುವೆ ಮೇಲೆ ಕೆಳಗೆ ಜರುಗೋ ಕಂಬ) ತೆಗೆದುಹಾಕಿ, ಆಮೇಲೆ ಹೆಡ್ಡು (ಕ್ಯಾಮೆರಾ ಹಿಡಿದು ತಿರುಗಿಸೋ ತಲೆ), ಪ್ಲೇಟು (ಕ್ಯಾಮೆರಾ ತಳಕ್ಕೆ ಹಾಕೋ ಪಟ್ಟಿ) ಅಂಥದ್ರಲ್ಲಿ ಉಳಿಸಿ, ಕಾಲಿನ ದಪ್ಪಕ್ಕೆ ಮಾತ್ರ ಕಟ್ಟಕಡೆಗೆ ಕೈ ಹಾಕಿ. ಟ್ರಾವೆಲ್ ಟ್ರೈಪಾಡ್ ಅಂತ ಮಾರೋದ್ರಲ್ಲಿ ತುಂಬಾ ಇದಕ್ಕೆ ಉಲ್ಟಾ ಇರ್ತವೆ, ಕೊಳ್ಳೋರು ಎತ್ತರನೂ ಬೇಕು ಹಗುರನೂ ಇರ್ಬೇಕು ಅಂತಾರೆ, ಕಂಪನಿಯವ್ರು ಕಾಲನ್ನ ಪೆನ್ಸಿಲ್ ಥರ ಸಣ್ಣ ಮಾಡಿ, ಉದ್ದದ ಕಾಲಂ ಹಾಕಿ, 150 ಸೆಂಮೀ ಅಂತ ಬರೆದು ಕೊಡ್ತಾರೆ. ಆ 150ರಲ್ಲಿ ನಿಲ್ಸಿ ಫೋಟೋ ತೆಗೆದ್ರೆ ಕೈಯಲ್ಲಿ ತೆಗ್ದಿದ್ದಕ್ಕೂ ಅದಕ್ಕೂ ವ್ಯತ್ಯಾಸ ಹುಡುಕ್ಬೇಕು.

ಅದಕ್ಕೂ ಮುಂಚೆ: ನಿಮಗೆ ಬೇಕೇ ಬೇಕಾ?

ಇದನ್ನ ಯಾರೂ ಕೇಳ್ಕೊಳ್ಳಲ್ಲ. ಈಗಿನ ತುಂಬಾ ಕ್ಯಾಮೆರಾಗಳಲ್ಲಿ ಬಾಡಿ ಒಳಗೇ ಕೈ ನಡುಕ ಸರಿದೂಗಿಸೋ ಸ್ಟೆಬಿಲೈಸೇಶನ್ ಇರುತ್ತೆ, ವೈಡ್ ಲೆನ್ಸ್ ಹಾಕಿ ಉಸಿರು ಹಿಡ್ಕೊಂಡು ನಿಂತ್ರೆ 1/4 ಸೆಕೆಂಡ್ ಶಟರ್ ತೆರೆದಿಟ್ರೂ ಫೋಟೋ ಕೈಯಲ್ಲೇ ಬರುತ್ತೆ, ಕೆಲವರ ಕೈಯಲ್ಲಿ ಅದಕ್ಕಿಂತ ನಿಧಾನದ್ದೂ ಬರುತ್ತೆ. ಹಗಲಲ್ಲಿ ನಡೀತಾ ನಡೀತಾ ದೃಶ್ಯ ತೆಗೆಯೋರಿಗೆ ಟ್ರೈಪಾಡ್ ಬರೀ ಹೊರೆ. ಬೇಕಾಗೋದು ಯಾವಾಗ ಅಂದ್ರೆ, ಜಲಪಾತದ ನೀರನ್ನ ರೇಷ್ಮೆ ಥರ ಮಾಡೋಕೆ ಅರ್ಧ ಸೆಕೆಂಡಿಂದ ಎರಡು ಸೆಕೆಂಡ್ ತನಕ ಶಟರ್ ತೆರೆದಿಡೋವಾಗ, ನಕ್ಷತ್ರಗಳಿಗೆ 15-20 ಸೆಕೆಂಡ್ ಕೊಡೋವಾಗ, ಹತ್ತಿರದ ಹೂವೂ ದೂರದ ಶಿಖರವೂ ಎರಡೂ ಶಾರ್ಪಾಗಿ ಬರ್ಲಿ ಅಂತ ಫೋಕಸ್ ಬದಲಾಯಿಸಿ ನಾಲ್ಕಾರು ಫೋಟೋ ತೆಗೆದು ಸೇರಿಸೋವಾಗ, ಸೂರ್ಯ ಹುಟ್ಟೋಕೆ ಮುಂಚೆ ಕಡಿಮೆ ಐಎಸ್ಒನಲ್ಲಿ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) ತೆಗೆಯೋವಾಗ. ಇನ್ನೊಂದು ಉಪಯೋಗ ಜನ ಲೆಕ್ಕಕ್ಕೇ ತಗೊಳ್ಳಲ್ಲ, ಫ್ರೇಮ್ ಒಂದು ಸಲ ಕಟ್ಟಿಟ್ಟು ಬೆಳಕು ಬರೋ ತನಕ ಕಾಯೋಕೆ ಆಗುತ್ತೆ, ಕೈಯಲ್ಲಿ ಹಿಡಿದು ಅರ್ಧ ಗಂಟೆ ಅದೇ ಫ್ರೇಮ್ ಇಟ್ಕೊಳ್ಳೋಕೆ ಆಗಲ್ಲ.

ನಿಮ್ಮ ಕೆಲಸ ಇದ್ಯಾವುದೂ ಅಲ್ಲ, ಯಾವತ್ತೋ ಒಂದು ದಿನ ಗ್ರೂಪ್ ಫೋಟೋ, ಒಂದು ನಕ್ಷತ್ರದ ಫೋಟೋ ಅಷ್ಟೇ ಅಂದ್ರೆ 200-300 ಗ್ರಾಂನ ಮಿನಿ ಟ್ರೈಪಾಡ್ ಸಾಕು, ಬಂಡೆ ಮೇಲೆ ಇಟ್ರೆ ಅದು ಸಣ್ಣ ಕಾಲಿನ ದೊಡ್ಡ ಟ್ರೈಪಾಡ್‌ಗಿಂತ ಗಟ್ಟಿಯಾಗೇ ನಿಲ್ಲುತ್ತೆ. ಕಷ್ಟ ಏನಂದ್ರೆ ಬಂಡೆ ಇಲ್ಲದ ಕಡೆ, ಮೊಣಕಾಲುದ್ದ ಹುಲ್ಲಿರೋ ಕಡೆ ಅದರಿಂದ ಏನೂ ಆಗಲ್ಲ, ಫ್ರೇಮ್ ಪೂರ್ತಿ ಹುಲ್ಲೇ. ಹಿಡಿಯ ತಲೇಲಿ ಕ್ಯಾಮೆರಾ ಸ್ಕ್ರೂ ಇರೋ ಟ್ರೆಕ್ಕಿಂಗ್ ಪೋಲ್‌ಗಳೂ ಬರ್ತವೆ, ಅವು ಒಂಟಿ ಕಾಲಿನ ಮಾನೋಪಾಡ್ ಥರ ಪರವಾಗಿಲ್ಲ, ಆದ್ರೆ ಎರಡು ಸೆಕೆಂಡಿನ ಶಟರ್‌ಗೆ ಅದನ್ನ ನಂಬ್ಕೊಂಡು ಹೋಗ್ಬೇಡಿ.

ಎತ್ತರ

ಇಲ್ಲೇ ಅರ್ಧ ಯುದ್ಧ ಗೆದ್ದಂಗೆ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳ್ತೀನಿ.

ನಿಮ್ಮ ಎತ್ತರ 170 ಸೆಂಮೀ ಅಂದ್ಕೊಳ್ಳಿ, ಕಣ್ಣಿನ ಮಟ್ಟ 158ರ ಆಸುಪಾಸು. ಹೆಡ್ ಒಂದು 8-10 ಸೆಂಮೀ, ಕ್ಯಾಮೆರಾ ತಳದಿಂದ ವ್ಯೂಫೈಂಡರ್ ತನಕ ಇನ್ನೊಂದು 8 ಸೆಂಮೀ ಹಿಡೀರಿ, ಅಂದ್ರೆ ಬಗ್ಗದೆ ನೋಡ್ಬೇಕಂದ್ರೂ ಕಾಲುಗಳು ಕಾಲಂ ಎತ್ತದೆ 140 ಬಂದ್ರೆ ಸಾಕು. ಸ್ಕ್ರೀನ್ ಮಡಚಿ ಮೇಲೆ ಮಾಡಿ ನೋಡೋ ಅಭ್ಯಾಸ ಇದ್ರೆ ಎದೆ ಮಟ್ಟ ಸಾಕು, 110-120. ಇದರಲ್ಲಿ ಏನು ಲಾಭ ಅಂತ ಕೇಳಿದ್ರೆ, ಒಂದೇ ಕೊಳವೆಯ ಉದ್ದ ಹೆಚ್ಚಿಸ್ತಾ ಹೋದ್ರೆ ಅದು ಬಾಗೋದು ಉದ್ದದ ಘನದ ಲೆಕ್ಕದಲ್ಲಿ ಏರುತ್ತೆ, ಉದ್ದ ಎರಡರಷ್ಟಾದ್ರೆ ಬಾಗೋದು ಎಂಟರಷ್ಟು. 150ರ ಬದಲು 120ಕ್ಕೆ ನಿಲ್ಸಿದ್ರೆ ಬಿಗಿತನ ಹತ್ತತ್ರ ಎರಡು ಪಟ್ಟು, ಅದೂ ಒಂದು ಗ್ರಾಂ ಜಾಸ್ತಿ ಹೊರದೆ. ಹೊರಗೆ ಗಾಳಿ ಇದ್ದಾಗಂತೂ ಕೆಳಗೆ ಇದ್ದಷ್ಟೂ ಒಳ್ಳೇದೇ, ನೆಲದ ಹತ್ರ ಗಾಳಿ ವೇಗನೂ ಕಮ್ಮಿ.

ಒಂದು ವಿಷಯ ನೆನಪಿರ್ಲಿ, ಇಳಿಜಾರಲ್ಲಿ ನಿಂತಾಗ ಒಂದು ಕಾಲು ಕೆಳಗಿನ ಕಡೆ ಹೋಗುತ್ತೆ, ಆ ಕಾಲು ಉದ್ದ ಬೇಕಾಗುತ್ತೆ. ಸಮತಟ್ಟು ನೆಲದಲ್ಲಿ ಕರೆಕ್ಟಾಗಿ ಸಾಕಾಗೋ ಟ್ರೈಪಾಡ್ ಬೆಟ್ಟದ ಓರೆಯಲ್ಲಿ 20 ಸೆಂಮೀ ಗಿಡ್ಡ ಅನ್ಸುತ್ತೆ. ಅದಕ್ಕೇ ನಿಮಗೆ ಎದೆ ಮಟ್ಟ ಸಾಕು ಅಂದ್ರೆ ಎದೆಗಿಂತ ಸ್ವಲ್ಪ ಮೇಲಿಂದು ನೋಡಿ, ತೀರಾ ಲೆಕ್ಕಕ್ಕೆ ಸರಿಯಾಗಿ ತಗೋಬೇಡಿ. ಹಂಗಂತ ಎಲ್ಲಾ ದೃಶ್ಯನೂ ಕಣ್ಣಿನ ಮಟ್ಟದಿಂದಲೇ ತೆಗೀಬೇಕು ಅನ್ನೋದು ಬರೀ ರೂಢಿ, ವೈಡ್ ಲೆನ್ಸಲ್ಲಿ ಮುಂದಿನ ಕಲ್ಲು ಹೂವು ದೊಡ್ಡದಾಗಿ ಕಾಣ್ಬೇಕು ಅಂದ್ರೆ ಸೊಂಟದ ಕೆಳಗೇ ಇಳೀಬೇಕಾಗುತ್ತೆ.

ಕಾಲು: ದಪ್ಪ ಎಷ್ಟು, ಮಡಿಕೆ ಎಷ್ಟು

ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಲೋಡ್ ಕೆಪಾಸಿಟಿ ಬಿಟ್ಟು ಕಣ್ಣು ಹಾಕ್ಬೇಕಾದ್ದು ಕೊಳವೆಯ ವ್ಯಾಸಕ್ಕೆ. ಮೇಲಿನ ಕೊಳವೆ ಇಷ್ಟು ಮಿಮೀ ಅಂತ ಕೊಟ್ಟಿರ್ತಾರೆ, ಅದರೊಳಗೆ ಮುಂದಿನ ಕೊಳವೆ, ಅದರೊಳಗೆ ಇನ್ನೊಂದು, ಪ್ರತಿ ಹಂತಕ್ಕೂ ಸುಮಾರು 3 ಮಿಮೀ ಕಮ್ಮಿ ಆಗ್ತಾ ಹೋಗುತ್ತೆ. 28 ಮಿಮೀಯಿಂದ ಶುರುವಾಗೋ ನಾಲ್ಕು ಸೆಕ್ಷನ್‌ನ ಕಾಲು 28, 25, 22, 19ಕ್ಕೆ ಬಂದು ನಿಲ್ಲುತ್ತೆ. 22ರಿಂದ ಶುರುವಾಗೋ ಐದು ಸೆಕ್ಷನ್‌ದು 22, 19, 16, 13, 10. ನೋಡಿ, ಕೊನೇದು 10 ಮಿಮೀ, ಕಿರುಬೆರಳಿಗಿಂತ ಸಣ್ಣ. ಕೊಳವೆ ಗೋಡೆ ಒಂದೇ ದಪ್ಪ ಇದೆ ಅಂತ ಇಟ್ಕೊಂಡ್ರೆ ಬಿಗಿತನ ವ್ಯಾಸದ ಘನದ ಹಾಗೆ ಬದಲಾಗುತ್ತೆ, ಅಂದ್ರೆ 22 ಮಿಮೀಗಿಂತ 28 ಮಿಮೀ ಎರಡು ಪಟ್ಟು ಬಿಗಿ, ಕೊನೆಯ ಸೆಕ್ಷನ್‌ಗಳನ್ನ ಹೋಲಿಸಿದ್ರೆ 10ಕ್ಕಿಂತ 19 ಸುಮಾರು ಏಳು ಪಟ್ಟು ಬಿಗಿ. ಅಲ್ಲಾಡೋದು ಯಾವಾಗ್ಲೂ ಆ ಕೊನೆಯ ಕಡ್ಡಿಯಿಂದಲೇ ಶುರು.

ಕೆಲವು ಕಂಪನಿಗಳ ಮಾಡೆಲ್ ನಂಬರಲ್ಲೇ ಇದು ಅಡಗಿರುತ್ತೆ. ಲಿಯೋಫೋಟೋದ ಎಲ್ಎಸ್-284ಸಿ ಅಂದ್ರೆ 28 ಮಿಮೀ, 4 ಸೆಕ್ಷನ್, ಸಿ ಅಂದ್ರೆ ಕಾರ್ಬನ್. ಗಿಟ್ಜೋದ ಜಿಟಿ1545ಟಿಯಲ್ಲಿ ಮೊದಲ 1 ಅಂದ್ರೆ ಸೀರೀಸ್ 1, ಮೂರನೇ ಅಂಕಿ 4 ಅಂದ್ರೆ ನಾಲ್ಕು ಸೆಕ್ಷನ್, ಕೊನೆಯ ಟಿ ಅಂದ್ರೆ ಟ್ರಾವೆಲರ್. ಒಂದು ಸಲ ಇದನ್ನ ಅರ್ಥ ಮಾಡ್ಕೊಂಡ್ರೆ ಜಾಹೀರಾತಿನ ಪುರಾಣ ಓದೋ ಕೆಲಸ ಇಲ್ಲ.

ಸೆಕ್ಷನ್ ಜಾಸ್ತಿ ಇದ್ದಷ್ಟೂ ಮಡಚಿದಾಗ ಗಿಡ್ಡ ಆಗುತ್ತೆ, ಬ್ಯಾಗ್ ಪಕ್ಕದ ಜೇಬಿಗೆ ಹಿಡಿಯುತ್ತೆ. ಐದು ಸೆಕ್ಷನ್‌ದು 35-40 ಸೆಂಮೀಗೆ ಮಡಚಿಕೊಂಡು ಬ್ಯಾಗ್ ಒಳಗೇ ಕೂತ್ಕೊಳ್ಳುತ್ತೆ, ನಾಲ್ಕರದ್ದು ಸ್ವಲ್ಪ ಉದ್ದ, ಮೂರರದ್ದು ಬ್ಯಾಗ್ ಮೇಲೆ ಕೋಲಿನ ಥರ ಎದ್ದು ನಿಂತು ಕೊಂಬೆಗೆಲ್ಲಾ ಸಿಕ್ಕಾಕೊಳ್ಳುತ್ತೆ. ಬೆಟ್ಟಕ್ಕೆ ನನ್ನ ಆಯ್ಕೆ ನಾಲ್ಕು ಸೆಕ್ಷನ್, 24ರಿಂದ 28 ಮಿಮೀ. ವೈಡ್ ಲೆನ್ಸ್ ಬಿಟ್ಟು ಬೇರೆ ಮುಟ್ಟಲ್ಲ ಅನ್ನೋರಿಗೆ 22 ಮಿಮೀ ನಡೆಯುತ್ತೆ. 70-200 ಮಿಮೀ ಥರದ ಉದ್ದದ ಜೂಮ್ ಲೆನ್ಸ್ ಹೊತ್ಕೊಂಡು ಹೋಗೋರು 25ಕ್ಕಿಂತ ಕೆಳಗೆ ಇಳೀಬೇಡಿ, ಕೊನೆಯ ಕೊಳವೆ 16 ಮಿಮೀಗಿಂತ ಸಣ್ಣ ಇದ್ರೆ ಅದನ್ನ ಪೂರ್ತಿ ಎಳೆಯದೇ ಬಳಸೋ ಲೆಕ್ಕದಲ್ಲಿ ತಗೊಳ್ಳಿ. ಅಂದ್ಹಂಗೆ ಕಾಲು ಎಳೆಯೋವಾಗ ಮೇಲಿನ ದಪ್ಪ ಸೆಕ್ಷನ್ ಮೊದ್ಲು, ಸಣ್ಣದು ಕೊನೆಗೆ. ಗಡಿಬಿಡಿಯಲ್ಲಿ ಎಲ್ರೂ ಇದನ್ನ ಉಲ್ಟಾ ಮಾಡ್ತಾರೆ, ಕೆಳಗಿಂದೇ ಕೈಗೆ ಮೊದ್ಲು ಸಿಗುತ್ತಲ್ಲ ಅದಕ್ಕೆ. ನೀರಲ್ಲೋ ಕೆಸರಲ್ಲೋ ಇಡೋದಿದ್ರೆ ಮಾತ್ರ ಕೊನೆಯ ಸೆಕ್ಷನ್ ಪೂರ್ತಿ ಹೊರಗೆ ಎಳೀರಿ, ಸೆಕ್ಷನ್ ಬಿಗಿ ಮಾಡೋ ಲಾಕ್ ನೀರಿನ ಮೇಲೆ ಉಳಿಯುತ್ತೆ.

ಇನ್ನು ಕಾರ್ಬನ್ನಾ ಅಲ್ಯೂಮಿನಿಯಮ್ಮಾ. ಗಿಟ್ಜೋ 1994ರಲ್ಲಿ ಕಾರ್ಬನ್ ಫೈಬರ್ ಟ್ರೈಪಾಡ್ ತಂದಾಗಿಂದ ಈ ಚರ್ಚೆ ನಡೀತಾನೇ ಇದೆ. ಕಾರ್ಬನ್ ಫೈಬರ್ ಸಾಂದ್ರತೆ ಘನ ಸೆಂಮೀಗೆ ಸುಮಾರು 1.6 ಗ್ರಾಂ, ಅಲ್ಯೂಮಿನಿಯಂದು 2.7. ಹಂಗಂತ ಟ್ರೈಪಾಡ್ ತೂಕ ಅಷ್ಟೊಂದು ಇಳಿಯಲ್ಲ, ಯಾಕಂದ್ರೆ ಕಾಲು ಸೇರೋ ಜಾಗ, ಲಾಕು, ಹೆಡ್ಡು ಎರಡರಲ್ಲೂ ಲೋಹದ್ದೇ. ಪೀಕ್ ಡಿಸೈನ್‌ನ ಟ್ರಾವೆಲ್ ಟ್ರೈಪಾಡ್ ತಗೊಳ್ಳಿ, ಅಲ್ಯೂಮಿನಿಯಂದು 1.56 ಕೆಜಿ, ಕಾರ್ಬನ್‌ದು ಸುಮಾರು 1.3, ಉಳಿತಾಯ ಕಾಲು ಕೆಜಿ ಅಷ್ಟೇ. ಆದ್ರೆ ಕಾರ್ಬನ್‌ನಲ್ಲಿ ಅಲ್ಲಾಟ ಬೇಗ ಸಾಯುತ್ತೆ, ಚಳಿಯಲ್ಲಿ ಬರಿಗೈಲಿ ಹಿಡಿದ್ರೆ ಅಲ್ಯೂಮಿನಿಯಂ ಥರ ಕೊರೆಯಲ್ಲ, ಉಪ್ಪುನೀರಿಗೆ ಕೊಳವೆ ತುಕ್ಕು ಹಿಡಿಯಲ್ಲ. ಪೆಟ್ಟು ಬಿದ್ರೆ ಮಾತ್ರ ಅಲ್ಯೂಮಿನಿಯಂ ನೆಗ್ಗುತ್ತೆ ಇಲ್ಲ ಬಾಗುತ್ತೆ, ಕಾರ್ಬನ್ ಬಿರುಕು ಬಿಡುತ್ತೆ, ಬಿರುಕು ಬಿಟ್ಟ ಕೊಳವೆ ಮತ್ತೆ ನಂಬೋ ಹಾಗಿಲ್ಲ. ಬಜೆಟ್ ಸಣ್ಣದಿದ್ರೆ 22 ಮಿಮೀ ಕಾರ್ಬನ್‌ಗಿಂತ 25-26 ಮಿಮೀ ಅಲ್ಯೂಮಿನಿಯಂ ತಗೊಳ್ಳೋದು ಜಾಣತನ ಅಂತ ನನ್ನ ಅಭಿಪ್ರಾಯ, ಬೆನ್ನಿಗೆ ಸ್ವಲ್ಪ ಭಾರ ಆದ್ರೂ ಫೋಟೋ ಬರುತ್ತೆ. ಇನ್ನೊಂದು ಮಾತು, ಕಾರ್ಬನ್ ಫೈಬರ್‌ನಲ್ಲೂ ಕರೆಂಟ್ ಹರಿಯುತ್ತೆ, ಗುಡುಗು ಶುರುವಾದ್ರೆ ತುದಿಯಲ್ಲಿ ಟ್ರೈಪಾಡ್ ಹಿಡ್ಕೊಂಡು ನಿಲ್ಬೇಡಿ, ಮಡಚಿ ಇಳೀರಿ.

ಸೆಂಟರ್ ಕಾಲಂ

ಕಾಲಂ ಎತ್ತಿದ ತಕ್ಷಣ ನಿಮ್ಮ ಟ್ರೈಪಾಡು ಮೂರು ಕಾಲಿನ ಮೇಲೆ ನಿಲ್ಸಿದ ಮಾನೋಪಾಡ್ ಆಗುತ್ತೆ. ಇಳಿಸಿಟ್ರೆ ತೊಂದ್ರೆ ಇಲ್ಲ, ಆದ್ರೆ ಇಳಿಸೇ ಇಡೋದಾದ್ರೆ ಅದನ್ನ ಹೊರೋದ್ಯಾಕೆ? ಕಾಲಂ ಇದ್ರೆ ನೆಲಕ್ಕೆ ಹತ್ರ ಇಳಿಯೋಕೂ ಬಿಡಲ್ಲ, ಕೆಳಗೆ ಚುಚ್ಚುತ್ತೆ. ಕಾಲಂ ಇಲ್ಲದ್ದು ಸಿಕ್ರೆ ಅದನ್ನೇ ತಗೊಳ್ಳಿ, ಇಲ್ಲಾಂದ್ರೆ ಕಳಚಿ ಗಿಡ್ಡ ಕಾಲಂ ಹಾಕೋಕೆ ಬರೋ ಮಾಡೆಲ್ ನೋಡಿ. ಒಂದು ಸಣ್ಣ ತೊಡಕಿದೆ, ಕಾಲುಗಳು ಮೇಲಕ್ಕೆ 180 ಡಿಗ್ರಿ ಮಡಚಿ ಹೆಡ್ಡನ್ನ ಒಳಗೆ ಮುಚ್ಕೊಳ್ಳೋ ಟ್ರಾವೆಲ್ ಮಾಡೆಲ್‌ಗಳಲ್ಲಿ ತುಂಬಾದ್ರಲ್ಲಿ ಆ ಮಡಿಕೆ ಕೂರೋದೇ ಕಾಲಂ ಮೇಲೆ ಎತ್ತಿದ್ರೆ, ಗಿಡ್ಡ ಕಾಲಂ ಹಾಕಿದ್ರೆ ಕಾಲು ಹೆಡ್‌ಗೆ ತಾಗಿ ಪೂರ್ತಿ ಮುಚ್ಚಲ್ಲ. ಅದಕ್ಕೇ ಕಾಲಂ ಕಿತ್ತಾಕೋ ಪ್ಲಾನ್ ಇದ್ರೆ ಮಡಚಿದ ಉದ್ದ ಎಷ್ಟಾಗುತ್ತೆ ಅಂತ ಮೊದ್ಲೇ ನೋಡ್ಕೊಳ್ಳಿ, ಡಬ್ಬದ ಮೇಲೆ ಬರೆದಿರೋ ಉದ್ದ ಆಮೇಲೆ ಸಿಗಲ್ಲ.

ಲಾಕ್ ವಿಷಯ ಬೇಗ ಮುಗಿಸ್ತೀನಿ. ತಿರುಗಿಸೋ ಟ್ವಿಸ್ಟ್ ಲಾಕು, ಕ್ಲಿಪ್ ಥರದ ಫ್ಲಿಪ್ ಲಾಕು, ಎರಡೂ ಕೆಲಸ ಮಾಡ್ತವೆ. ಟ್ವಿಸ್ಟ್ ಹಗುರ, ಬ್ಯಾಗಿಗೆ ಸಿಕ್ಕಾಕೊಳ್ಳಲ್ಲ, ಮಡಚಿದಾಗ ಒಂದು ಕಾಲಿನ ಎಲ್ಲಾ ಲಾಕನ್ನ ಒಂದೇ ಮುಷ್ಟಿಯಲ್ಲಿ ತಿರುಗಿಸ್ಬಹುದು, ಆದ್ರೆ ಮರಳು ಹೋದ್ರೆ ಕರಕರ ಅನ್ನುತ್ತೆ. ಫ್ಲಿಪ್ ಲಾಕ್ ಮುಚ್ಚಿದ್ಯಾ ಇಲ್ವಾ ಅಂತ ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತೆ, ಕೈಗವಸು ಹಾಕ್ಕೊಂಡಿದ್ರೂ ಸುಲಭ, ದಿನ ಕಳೆದ ಹಾಗೆ ಸಡಿಲ ಆಗುತ್ತೆ, ಅಲೆನ್ ಕೀ (ಆರು ಮೂಲೆಯ ಸಣ್ಣ ಕೀಲಿ) ಹಾಕಿ ಬಿಗಿ ಮಾಡ್ಬೇಕು. ನಿಮ್ಮ ಕೈಗೆ ಯಾವುದು ಹಿಡಿಸುತ್ತೋ ಅದು. ಕಾಲುಗಳು ಬೇರೆ ಬೇರೆ ಕೋನಕ್ಕೆ ಒಂದೊಂದಾಗಿ ಅಗಲ ಆಗ್ಬೇಕು, ಮೂರೂ ಒಟ್ಟಿಗೇ ಕಡ್ಡಿಯಿಂದ ಜೋಡಿಸಿರೋದು ಬೆಟ್ಟಕ್ಕೆ ಬೇಡವೇ ಬೇಡ, ಬಂಡೆ ನಡುವೆ ಇಡೋಕೇ ಆಗಲ್ಲ. ಪಾದದ ರಬ್ಬರ್ ಬಿಚ್ಚಿ ಮೊಳೆ ಹಾಕೋ ಅವಕಾಶ ಇದ್ರೆ ಒಳ್ಳೇದು, ಮಣ್ಣು ಮಂಜಲ್ಲಿ ಮೊಳೆ, ಒಣ ಬಂಡೆ ಮೇಲೆ ರಬ್ಬರ್.

ಹೆಡ್

ಕಾಲಿಗೆ ಎಲ್ಲಾ ಯೋಚನೆ ಸುರಿದು ಹೆಡ್ ಯಾವುದೋ ಒಂದು ಅಂತ ಹಾಕೋರೇ ಜಾಸ್ತಿ, ಕೊನೆಗೆ ದಿನಾ ಕೈಯಲ್ಲಿ ಒದ್ದಾಡೋದು ಹೆಡ್ ಜೊತೆಗೇ. ಬೆಟ್ಟಕ್ಕೆ ಬಾಲ್ ಹೆಡ್ಡೇ ಸರಿ, ಅಂದ್ರೆ ಒಂದು ಚೆಂಡಿನ ಮೇಲೆ ಎಲ್ಲಾ ಕಡೆ ತಿರುಗೋದು. ಪ್ಯಾನ್-ಟಿಲ್ಟ್ ಹೆಡ್‌ಗಳ ಹಿಡಿಕೆಗಳು ಬ್ಯಾಗಿಗೆ ಚುಚ್ತವೆ, ಹಲ್ಲಿನ ಚಕ್ರದಿಂದ ಸ್ವಲ್ಪಸ್ವಲ್ಪವೇ ತಿರುಗಿಸೋ ಗೇರ್ಡ್ ಹೆಡ್ ಅಂತೂ ಕೆಲಸಕ್ಕೆ ಭಾರಿ ಚಂದ, ಆದ್ರೆ ತೂಕದಲ್ಲಿ ಅದೊಂದೇ ಕಾಲುಗಳಷ್ಟು ಆಗ್ಬಿಡುತ್ತೆ.

ಬಾಲ್ ಹೆಡ್‌ನಲ್ಲಿ ನೋಡ್ಬೇಕಾದ್ದು ಚೆಂಡಿನ ವ್ಯಾಸ. 25 ಮಿಮೀಗಿಂತ ಸಣ್ಣ ಚೆಂಡು ಸಣ್ಣ ಕ್ಯಾಮೆರಾಗೆ ಸರಿ. 30ರಿಂದ 36 ಮಿಮೀ ಚೆಂಡಿರೋ, 250ರಿಂದ 400 ಗ್ರಾಂ ತೂಗೋ ಹೆಡ್ ಮಿರರ್‌ಲೆಸ್ ಕ್ಯಾಮೆರಾಗೆ ಒಂದು ಮೀಡಿಯಂ ಜೂಮ್ ಹಾಕೋರಿಗೆ ಹದವಾದ್ದು. ಅದಕ್ಕಿಂತ ದೊಡ್ಡದು ಸಣ್ಣ ಟ್ರೈಪಾಡ್ ಮೇಲೆ ಹಾಕಿದ್ರೆ ತಲೆಭಾರ ಅಷ್ಟೇ. ಹೆಡ್‌ನ ತಳದ ಅಗಲ ಟ್ರೈಪಾಡ್‌ನ ಮೇಲಿನ ತಟ್ಟೆಯ ಅಗಲಕ್ಕೆ ಹೆಚ್ಚುಕಮ್ಮಿ ಸರಿಹೋಗ್ಬೇಕು, ತಟ್ಟೆಗಿಂತ ಹೆಡ್ ಅಗಲ ಇದ್ರೆ ಕಾಲು ಹಿಮ್ಮುಖ ಮಡಚೋವಾಗ ತಾಗುತ್ತೆ.

ಈಗ ನಿಜವಾದ ಪರೀಕ್ಷೆ. ಕ್ಯಾಮೆರಾ ಹಾಕಿ, ನಿಮ್ಮ ಹತ್ರ ಇರೋ ಉದ್ದದ ಲೆನ್ಸ್ ಹಾಕಿ, ಲೈವ್ ವ್ಯೂನಲ್ಲಿ, ಅಂದ್ರೆ ಕ್ಯಾಮೆರಾ ಹಿಂದಿನ ಸ್ಕ್ರೀನಲ್ಲಿ, ದೂರದ ಒಂದು ಚುಕ್ಕೆಯನ್ನ ನಡುವಿಗೆ ತಂದು ಚೆಂಡನ್ನ ಹಿಡಿಯೋ ಗುಬುಟು ಬಿಗಿ ಮಾಡಿ, ಕೈ ಬಿಡಿ. ಚುಕ್ಕೆ ಕೆಳಗೆ ಜಾರ್ತಾ? ಜಾರಿದ್ರೆ ಚೆಂಡು ಕೂರ್ತಾ ಇದೆ ಅಂತ ಅರ್ಥ. ಸ್ವಲ್ಪ ಜಾರೋದು ತುಂಬಾ ಹೆಡ್‌ಗಳಲ್ಲಿ ಇರುತ್ತೆ, ಒಳ್ಳೇದ್ರಲ್ಲಿ ಕಣ್ಣಿಗೆ ಕಾಣದಷ್ಟು. ಬಿಗಿ ಮಾಡಿದ ಮೇಲೂ ಸೆಕೆಂಡುಗಟ್ಟಲೆ ಜಾರ್ತಾನೇ ಇದ್ರೆ ಆ ಹೆಡ್ ವಾಪಸ್ ಕೊಡಿ, ಪ್ರತಿ ಫ್ರೇಮಿಗೂ ಸ್ವಲ್ಪ ಮೇಲೆ ಇಟ್ಟು ಜಾರೋಕೆ ಕಾಯೋ ಜೀವನ ಯಾರಿಗೆ ಬೇಕು. ಆಮೇಲೆ ಗುಬುಟನ್ನ ನಿಧಾನವಾಗಿ ಸಡಿಲ ಮಾಡ್ತಾ ಹೋಗಿ, ಪೂರ್ತಿ ಬಿಗಿಯಿಂದ ಪೂರ್ತಿ ಸಡಿಲಕ್ಕೆ ನಯವಾಗಿ ಬರ್ಬೇಕು, ಟಕ್ ಅಂತ ಒಮ್ಮೆಲೇ ಬಿಟ್ರೆ ಒಂದಿನ ಕ್ಯಾಮೆರಾ ಪಕ್ಕಕ್ಕೆ ಧೊಪ್ ಅಂತ ಬೀಳುತ್ತೆ, ಲೆನ್ಸ್ ಕಾಲಿಗೆ ಹೊಡೆಯುತ್ತೆ. ಘರ್ಷಣೆ ಹೊಂದಿಸೋಕೆ ಬೇರೆ ಸಣ್ಣ ತಿರುಪು ಇದ್ರೆ ತುಂಬಾ ಉಪಯೋಗ, ಕ್ಯಾಮೆರಾ ಕೈಯಲ್ಲಿ ತಳ್ಳಿದ್ರೆ ಜರುಗ್ಬೇಕು, ಬಿಟ್ರೆ ಅಲ್ಲೇ ನಿಲ್ಬೇಕು, ಆ ಹದಕ್ಕೆ ಇಟ್ಕೊಂಡ್ರೆ ಮುಕ್ಕಾಲು ಕೆಲಸ ಬಿಗಿ ಸಡಿಲ ಮಾಡದೇ ಆಗುತ್ತೆ.

ಗುಬುಟು ದೊಡ್ಡದಿರ್ಲಿ. ಇದು ಸಣ್ಣ ವಿಷಯ ಅಲ್ಲ, ಬೆಳಗಿನ ಜಾವ ಬೆರಳು ಮರಗಟ್ಟಿದಾಗ ಕಡಲೆಕಾಳಿನಷ್ಟು ಗುಬುಟು ಸಿಗೋದೇ ಇಲ್ಲ. ಪ್ಯಾನ್, ಅಂದ್ರೆ ಎಡಬಲಕ್ಕೆ ತಿರುಗೋದಕ್ಕೆ, ಲಾಕ್ ಬೇರೆ ಇರ್ಬೇಕು, ಪನೋರಮಾ ತೆಗೆಯೋರಿಗೆ ಚೆಂಡಿನ ಮೇಲೂ ಪ್ಯಾನ್ ಇದ್ರೆ ಇನ್ನೂ ಸರಿ. ಯಾಕಂದ್ರೆ ತಳದಲ್ಲಿ ಮಾತ್ರ ತಿರುಗೋ ಹೆಡ್‌ನಲ್ಲಿ ಕಾಲುಗಳನ್ನ ಮಟ್ಟ ಮಾಡದಿದ್ರೆ ತಿರುಗಿಸಿದ ಹಾಗೆಲ್ಲಾ ದಿಗಂತ ಓರೆ ಆಗ್ತಾ ಹೋಗುತ್ತೆ, ಚೆಂಡಿನ ಮೇಲೆ ತಿರುಗಿದ್ರೆ ಕ್ಯಾಮೆರಾ ಮಟ್ಟ ಮಾಡಿದ್ರೆ ಸಾಕು, ಕಾಲು ಹೇಗಿದ್ರೂ ನಡೆಯುತ್ತೆ. ಅಕ್ರಾಟೆಕ್‌ನ ಜಿಪಿ ಥರದ ಹೆಡ್‌ಗಳನ್ನ ತಲೆಕೆಳಗಾಗಿ ಹಾಕಿ ಇದೇ ಕೆಲಸ ಮಾಡಿಸ್ಬಹುದು, ಅವುಗಳಲ್ಲಿ ಚೆಂಡಿನ ಸುತ್ತ ಮುಚ್ಚಿದ ಗೂಡಿಲ್ಲ, ಧೂಳು ಒಳಗೆ ಕೂರಲ್ಲ, ತೂಕನೂ ಅರ್ಧ ಕೆಜಿ ಒಳಗೆ.

ಪ್ಲೇಟನ್ನ ಹೆಡ್ ಮೇಲೆ ಹಿಡಿಯೋ ಕ್ಲ್ಯಾಂಪ್ ಆರ್ಕಾ-ಸ್ವಿಸ್ ಥರದ್ದೇ ಇರ್ಲಿ, ಬೇರೆ ಏನನ್ನೂ ಯೋಚಿಸ್ಬೇಡಿ. ಸುಮಾರು 38 ಮಿಮೀ ಅಗಲದ ಆ ಪ್ಲೇಟು ಈಗ ಎಲ್ಲಾ ಕಡೆ ನಡೆಯುತ್ತೆ. ಅದು ಸರ್ಕಾರಿ ಮುದ್ರೆ ಬಿದ್ದ ಅಳತೆ ಅಲ್ಲ, ಕಂಪನಿಯಿಂದ ಕಂಪನಿಗೆ ಕೂದಲೆಳೆ ವ್ಯತ್ಯಾಸ ಇರುತ್ತೆ, ಹಂಗಾಗಿ ಲಿವರ್ ಕ್ಲ್ಯಾಂಪ್‌ನಲ್ಲಿ ಬೇರೆ ಕಂಪನಿ ಪ್ಲೇಟ್ ಒಮ್ಮೊಮ್ಮೆ ಸಡಿಲ, ಒಮ್ಮೊಮ್ಮೆ ಕೂರೋದೇ ಇಲ್ಲ, ತಿರುಪಿನ ಕ್ಲ್ಯಾಂಪ್ ಎಲ್ಲಾನೂ ಹಿಡಿಯುತ್ತೆ. ಬೆಟ್ಟಕ್ಕೆ ತಿರುಪಿಂದೇ ನನ್ನ ಆಯ್ಕೆ. ಕ್ಯಾಮೆರಾ ತಳಕ್ಕೂ ಪಕ್ಕಕ್ಕೂ ಬರೋ ಎಲ್ ಆಕಾರದ ಪ್ಲೇಟು, ಎಲ್-ಬ್ರಾಕೆಟ್ ಹಾಕಿದ್ರೆ ಕ್ಯಾಮೆರಾ ನಿಲುವಾಗಿ ಇಡೋವಾಗಲೂ ಭಾರ ಟ್ರೈಪಾಡ್‌ನ ನಡುವೆಯೇ ಇರುತ್ತೆ, ಪಕ್ಕಕ್ಕೆ ವಾಲಿಸ್ಬೇಕಾಗಿಲ್ಲ, ತೂಕ 100 ಗ್ರಾಂ ಆಸುಪಾಸು. ಸಣ್ಣ ಹೆಡ್ ಇಟ್ಕೊಂಡೋರಿಗೆ ಆ 100 ಗ್ರಾಂ ದಂಡ ಅಲ್ಲ, ದೊಡ್ಡ ಹೆಡ್ ತಗೊಳ್ಳೋ ಖರ್ಚು ತೂಕ ಎರಡೂ ಉಳಿಸುತ್ತೆ. ಪ್ಲೇಟ್ ಕ್ಯಾಮೆರಾಗೆ ಕೂರೋದು 1/4 ಇಂಚಿನ ತಿರುಪಲ್ಲಿ, ಹೆಡ್ ಕಾಲಿಗೆ ಕೂರೋದು ಸಾಮಾನ್ಯವಾಗಿ 3/8 ಇಂಚಿಂದ್ರಲ್ಲಿ, ತೀರಾ ಸಣ್ಣ ಟ್ರೈಪಾಡ್‌ಗಳಲ್ಲಿ ಅಲ್ಲೂ 1/4 ಇರುತ್ತೆ, ಬೇರೆ ಬೇರೆ ಕಡೆ ಕೊಳ್ಳೋದಾದ್ರೆ ನೋಡ್ಕೊಂಡು ಕೊಳ್ಳಿ. ಅಡಾಪ್ಟರ್ ಬಿಲ್ಲೆ ಇದೆ, ಆದ್ರೆ ಅದು ಸಡಿಲ ಆಗೋಕೆ ಇನ್ನೊಂದು ಜಾಗ.

ತೂಕ ನೀವೇ ತೂಗಿ

ಪಟ್ಟಿಯಲ್ಲಿ ಕೊಟ್ಟಿರೋ ತೂಕ ಕೆಲವು ಕಡೆ ಹೆಡ್ ಸೇರಿ, ಕೆಲವು ಕಡೆ ಬಿಟ್ಟು. ಪ್ಲೇಟು, ಮೊಳೆ, ಚೀಲ, ಅಲೆನ್ ಕೀ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಮನೆಯ ತಕ್ಕಡಿಯಲ್ಲಿ ನೀವು ನಿಜವಾಗ್ಲೂ ಹೊರೋ ಎಲ್ಲಾನೂ ಒಟ್ಟಿಗೆ ಇಟ್ಟು ನೋಡಿ. ನನ್ನ ಮಟ್ಟಿಗೆ ಇಡೀ ದಿನ ಹತ್ತೋ ದಾರಿಗೆ ಒಟ್ಟು 1.2ರಿಂದ 1.5 ಕೆಜಿ ಒಪ್ಪೋ ಮಾತು. 1 ಕೆಜಿ ಒಳಗೆ ಬೇಕು ಅಂದ್ರೆ ಎತ್ತರದಲ್ಲಿ ರಾಜಿ ಆಗ್ಲೇಬೇಕು, 2 ಕೆಜಿ ದಾಟಿದ್ರೆ ಮೂರನೇ ಸಲಕ್ಕೆ ಅದು ಮನೆಯಲ್ಲೇ ಉಳಿಯುತ್ತೆ, ಆಗ ಎಷ್ಟು ಬಿಗಿ ಇದ್ರೇನು.

ಕೊಂಡ ಮೇಲೆ, ವಾಪಸ್ ಕೊಡೋ ಗಡುವು ಮುಗಿಯೋಕೆ ಮುಂಚೆ, ಗಟ್ಟಿ ನೆಲದ ಮೇಲೆ ಪೂರ್ತಿ ಎತ್ತರಕ್ಕೆ ನಿಲ್ಸಿ, ಲೈವ್ ವ್ಯೂ 10 ಪಟ್ಟು ದೊಡ್ಡದು ಮಾಡಿ, ಒಂದು ಕಾಲಿಗೆ ಬೆರಳಿಂದ ಟಕ್ ಅಂತ ತಟ್ಟಿ. ಚಿತ್ರ ನಡುಗಿ ನಿಲ್ಲೋಕೆ ಎಷ್ಟು ಹೊತ್ತು ಬೇಕು ಅಂತ ಎಣಿಸಿ. ಒಂದೆರಡು ಸೆಕೆಂಡಲ್ಲಿ ನಿಂತ್ರೆ ಬಹಳ ಒಳ್ಳೇದು, ನಾಲ್ಕೈದು ಸೆಕೆಂಡ್ ಆದ್ರೆ ಎರಡು ಸೆಕೆಂಡಿನ ಟೈಮರ್ ನಿಮಗೆ ಸಾಲಲ್ಲ, ಹತ್ತು ಸೆಕೆಂಡಿಂದು ಇಟ್ಕೊಳ್ಳಿ ಇಲ್ಲ ರಿಮೋಟ್ ಬಳಸಿ. ಈಗ ಕೊನೆಯ ಸೆಕ್ಷನ್ ಒಳಗೆ ತಳ್ಳಿ ಮತ್ತೆ ತಟ್ಟಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಇನ್ನೊಂದು, ಕ್ಯಾಮೆರಾ ಹಿಡಿದು ಎಡಕ್ಕೆ ಬಲಕ್ಕೆ ಹಗುರವಾಗಿ ತಿರುಚಿ ನೋಡಿ. ಅಗ್ಗದ ಟ್ರೈಪಾಡ್‌ಗಳು ಸೋಲೋದು ಇಲ್ಲೇ, ಕಾಲು ಮೇಲೆ ಸೇರೋ ಕೀಲು ಆಟ ಆಡುತ್ತೆ. ಕೀಲಿನ ತಿರುಪು ಬಿಗಿ ಮಾಡಿದ್ರೆ ಹೋಗ್ಬಹುದು, ಹೋಗ್ಲಿಲ್ಲ ಅಂದ್ರೆ ಬೇರೆ ನೋಡಿ.

ಬೆಟ್ಟದ ಮೇಲೆ

ಹೊರೋದು ಬ್ಯಾಗಿನ ಪಕ್ಕದಲ್ಲಿ, ಪಾದ ಬಾಟಲಿ ಜೇಬಿಗೆ ಇಳಿಸಿ, ಮೇಲ್ಗಡೆ ಪಟ್ಟಿ ಬಿಗಿದು, ಇನ್ನೊಂದು ಪಕ್ಕಕ್ಕೆ ನೀರಿನ ಬಾಟಲಿ ಹಾಕಿ ತೂಕ ಸರಿದೂಗಿಸಿ. ಹೆಡ್ ಕೆಳಗೆ ಪಾದ ಮೇಲೆ ಮಾಡಿದ್ರೆ ಭಾರ ತಗ್ಗಲ್ಲಿರುತ್ತೆ, ನಡೆಯೋವಾಗ ತೂಗಾಡೋದು ಕಮ್ಮಿ, ಆದ್ರೆ ಕೆಸರು ಹತ್ತಿದ ಪಾದ ಕಿವಿ ಪಕ್ಕ ಬರುತ್ತೆ. ಬೆನ್ನಿನ ನಡುವೆ ಹಿಂದಕ್ಕೆ ನೇತು ಹಾಕೋದು ಬೇಡ, ಹತ್ತೋವಾಗ ಹಿಂದಕ್ಕೆ ಎಳೆಯುತ್ತೆ.

ನಿಲ್ಸೋವಾಗ ಒಂದು ಕಾಲು ಇಳಿಜಾರಿನ ಕೆಳಗಿನ ಕಡೆ, ಎರಡು ಮೇಲಿನ ಕಡೆ. ಹಗುರ ಟ್ರೈಪಾಡ್‌ಗೆ ಬ್ಯಾಗ್ ನೇತು ಹಾಕಿ ಅಂತ ಎಲ್ರೂ ಹೇಳ್ತಾರೆ, ಗಾಳಿ ಇದ್ದಾಗ ಆ ಬ್ಯಾಗ್ ತೂಗಾಡಿ ಟ್ರೈಪಾಡನ್ನೂ ಅಲ್ಲಾಡಿಸುತ್ತೆ. ನೇತು ಹಾಕಿದ್ರೆ ಬ್ಯಾಗಿನ ತಳ ನೆಲಕ್ಕೆ ತಾಗೋ ಹಾಗೆ ಹಾಕಿ, ಆಗ ಭಾರನೂ ಸಿಗುತ್ತೆ, ಆಟನೂ ನಿಲ್ಲುತ್ತೆ. ಅದಕ್ಕಿಂತ ಒಳ್ಳೇದು ನೀವೇ ಗಾಳಿ ಬರೋ ಕಡೆ ಅಡ್ಡ ಕೂತ್ಕೊಳ್ಳೋದು, ಕ್ಯಾಮೆರಾ ಸ್ಟ್ರಾಪ್ ಬಿಚ್ಚಿ ಜೇಬಿಗೆ ಹಾಕೋದು, ಆ ಪಟ್ಟಿ ಗಾಳಿಗೆ ಪಟಪಟ ಬಡಿದು ಎಷ್ಟು ಫೋಟೋ ಕೆಡಿಸುತ್ತೆ ಅಂತ ಜನಕ್ಕೆ ಗೊತ್ತೇ ಆಗಲ್ಲ. ತುಂಬಾ ತೊಂದರೆ ಕೊಡೋ ಶಟರ್ ವೇಗ ಸುಮಾರು 1/30ರಿಂದ 1 ಸೆಕೆಂಡ್ ತನಕ, ಯಾಕಂದ್ರೆ ಆ ಇಡೀ ಹೊತ್ತು ಟ್ರೈಪಾಡ್ ನಡುಗ್ತಾ ಇರ್ಬಹುದು, 20 ಸೆಕೆಂಡಿನ ಶಟರ್‌ನಲ್ಲಿ ಮೊದಲ ನಡುಕ ಒಂದು ಸಣ್ಣ ಭಾಗ ಅಷ್ಟೇ. ಒಳಗೆ ಕನ್ನಡಿ ಇರೋ ಎಸ್ಎಲ್ಆರ್ ಇದ್ರೆ ಕನ್ನಡಿ ಮೊದ್ಲೇ ಎತ್ತಿಡೋ ಮಿರರ್ ಲಾಕ್, ಮಿರರ್‌ಲೆಸ್ ಇದ್ರೆ ಶಟರ್ ತೆರೆಯೋವಾಗಿನ ಅದುರು ತಪ್ಪಿಸೋ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಆನ್ ಮಾಡಿ, ಜೊತೆಗೆ ಟೈಮರ್. ಸ್ಟೆಬಿಲೈಸೇಶನ್ ಆಫ್ ಮಾಡ್ಬೇಕಾ ಬೇಡ್ವಾ ಅನ್ನೋದು ಲೆನ್ಸಿಂದ ಲೆನ್ಸಿಗೆ ಬೇರೆ, ಮ್ಯಾನುಯಲ್ ನೋಡಿ, ಇಲ್ಲ ಎರಡೂ ಥರ ಒಂದೊಂದು ತೆಗೆದು ದೊಡ್ಡದು ಮಾಡಿ ನೋಡಿ.

ವಾಪಸ್ ಬಂದ ಮೇಲೆ ಒದ್ದೆ ಕಾಲನ್ನ ಹಂಗೇ ಮಡಚಿ ಮೂಲೆಗಿಡ್ಬೇಡಿ. ಎಲ್ಲಾ ಸೆಕ್ಷನ್ ಹೊರಗೆಳೆದು ಒರೆಸಿ, ಒಣಗೋಕೆ ಬಿಟ್ಟು ಆಮೇಲೆ ಮಡಚಿ. ಸಮುದ್ರದ ನೀರು, ಮರಳು ಆಗಿದ್ರೆ ಲಾಕ್ ಪೂರ್ತಿ ಬಿಚ್ಚಿ ಸಿಹಿನೀರಲ್ಲಿ ತೊಳೆದು, ಒಳಗಿನ ಪ್ಲಾಸ್ಟಿಕ್ ಬಿಲ್ಲೆಗಳು ಯಾವ ದಿಕ್ಕಲ್ಲಿ ಕೂತಿದ್ವು ಅಂತ ಫೋಟೋ ತೆಗೆದಿಟ್ಕೊಂಡು ಮತ್ತೆ ಜೋಡಿಸಿ. ಒಂದು ಕಾಲು ಪೂರ್ತಿ ಜೋಡಿಸಿದ ಮೇಲೇ ಇನ್ನೊಂದು ಬಿಚ್ಚಿ, ಅನುಮಾನ ಬಂದ್ರೆ ಪಕ್ಕದ ಕಾಲು ನೋಡ್ಕೊಂಡು ಮಾಡ್ಬಹುದು. ಬಾಲ್ ಹೆಡ್‌ನ ಚೆಂಡಿಗೆ ಎಣ್ಣೆ ಗ್ರೀಸ್ ಏನೂ ಹಚ್ಬೇಡಿ, ಒಣ ಬಟ್ಟೆಯಲ್ಲಿ ಒರೆಸಿದ್ರೆ ಸಾಕು, ಹಿಡಿತಕ್ಕೆ ಅದಕ್ಕೆ ಘರ್ಷಣೆನೇ ಬೇಕು. ಮುಂದಿನ ಸಲ ಹೊರಡೋ ಹಿಂದಿನ ರಾತ್ರಿ ಅಲೆನ್ ಕೀ ತಗೊಂಡು ಕೀಲಿನ ತಿರುಪು, ಹೆಡ್‌ನ ತಳದ ತಿರುಪು, ಪ್ಲೇಟಿನ ತಿರುಪು ಮೂರನ್ನೂ ಒಂದ್ಸಲ ಮುಟ್ಟಿ ನೋಡಿ, ಆ ಕೀಯನ್ನ ಬ್ಯಾಗಿನ ಸಣ್ಣ ಜೇಬಿಗೇ ಹಾಕ್ಕೊಳ್ಳಿ.